ಡಿಸ್ಕ್ ಪೆಟ್ಟಿಗೆಯ ತಪಾಸಣೆಗೆ ವಾರ, ವೇಳೆ ಗೊತ್ತು ಮಾಡುವುದು ಹೇಗೆ?

ಶನಿವಾರ ರಾತ್ರಿ ಒಂದೂವರೆ. ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಹತ್ತಿರ ಒಂದು ಫೋಟೊ ಸ್ಟುಡಿಯೊ ಇದೆ. ಅಲ್ಲಿನ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವುದು ನಾನೇ. ಅಲ್ಲಿ ರಾತ್ರಿ ಕಾಯುವ ಕಾಕಾ ಫೋನ್ ಮಾಡಿದರು.

"ಸರ, ನಿಮ್ಮ ಪೆಟ್ಟಿಗಿ ತನ್ನಷ್ಟಕ್ಕ ತಾನ ಗರಗರ ಅನ್ನಾಕತ್ತೈತ್ರಿ. ಲೈಟೆಲ್ಲಾ ಪಕಪಕ ಅಂತಾವು. ವಾಯರ್ ಕಿತ್ತಿ ಬಿಡ್ಲೇನ್ರಿ?"

"ಬ್ಯಾಡ ಕಾಕಾ, ಮುಟ್ಟಬ್ಯಾಡ್ರಿ. ಅದು ತನ್ನ ಮೈ ತಾನ ತಪಾಸ್ ಮಾಡ್ಕೊಳ್ಳಾಕತ್ತೈತಿ."

"ರಾತ್ರಿ ಒಂದೂವರಿಗೆ?"

ಕೇಳಿದ್ದು ಸರಿಯಾಗಿಯೇ ಇತ್ತು. ಆ ವೇಳೆಯನ್ನು ನಾನು ಗೊತ್ತು ಮಾಡಿರಲಿಲ್ಲ. ಸ್ಟುಡಿಯೊ ಮಾಲೀಕರೂ ಮಾಡಿರಲಿಲ್ಲ. ಸಾಫ್ಟ್‌ವೇರ್ ಬರೆದವರು ಎಲ್ಲೋ ಕೂತು ಗೊತ್ತು ಮಾಡಿದ್ದರು. ಅವರಿಗೆ ನಮ್ಮ ಮದುವೆ ಸೀಸನ್ ಗೊತ್ತಿಲ್ಲ, ಬ್ಯಾಡಗಿಯ ಟೆಂಡರ್ ದಿನ ಗೊತ್ತಿಲ್ಲ, ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅನ್ನುವುದೂ ಗೊತ್ತಿಲ್ಲ. ಗೊತ್ತಿರುವವರು ನಾವು. ಹಾಗಾಗಿ ವಾರ, ವೇಳೆಯನ್ನು ನಾವೇ ಆರಿಸಬೇಕು.

ಎರಡು, ಮೂರು ಅಥವಾ ಹೆಚ್ಚು ಡಿಸ್ಕ್ ಸೇರಿಸಿ ಒಂದೇ ದೊಡ್ಡ ಜಾಗ ಮಾಡಿಕೊಂಡಿರುವ ಪೆಟ್ಟಿಗೆ ನಿಮ್ಮ ಹತ್ತಿರ ಇದ್ದರೆ ಮುಂದೆ ಓದಿ. ಇದಕ್ಕೆ ರೇಡ್ ಅನ್ನುತ್ತಾರೆ. ಬ್ಯಾಡಗಿಯ ಒಬ್ಬ ದಲಾಲಿ ಅಂಗಡಿಯ ಸಾವ್ಕಾರರಿಗೆ ಮೊದಲ ಸಲ ಈ ಹೆಸರು ಹೇಳಿದಾಗ ಅವರು ಕುರ್ಚಿಯಿಂದ ಅರ್ಧ ಎದ್ದಿದ್ದರು. "ಆ ಶಬ್ದ ಅಂಗಡ್ಯಾಗ ಅನಬ್ಯಾಡ್ರಿ, ಮಂದಿ ಬ್ಯಾರೇನ ತಿಳಕೊಂತಾರ" ಅಂದರು. ಅಂದಿನಿಂದ ನಾನೂ ಪೆಟ್ಟಿಗೆ ಅಂತಲೇ ಅನ್ನುತ್ತೇನೆ.

ಚೆನ್ನಾಗಿಯೇ ಓಡುತ್ತಿದೆಯಲ್ಲ, ತಪಾಸಣೆ ಯಾಕೆ?

ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನಾಲ್ಕು ಡಿಸ್ಕ್‌ಗಳ ರೇಡ್ 5 ಇತ್ತು. ಒಂದೊಂದು 4 ಟಿಬಿ. ರೇಡ್ 5 ಅಂದರೆ ಒಂದು ಡಿಸ್ಕ್ ಸತ್ತರೂ ಉಳಿದ ಮೂರರ ಲೆಕ್ಕದಿಂದ ಅದರ ಮಾಹಿತಿಯನ್ನು ಮತ್ತೆ ಕಟ್ಟಬಹುದು. ಒಂದು ದಿನ ಒಂದು ಸತ್ತಿತು. ಗಾಬರಿ ಏನಿರಲಿಲ್ಲ. ಹೊಸದು ಹಾಕಿದೆ, ಕಟ್ಟುವ ಕೆಲಸ ಶುರುವಾಯಿತು. ಚಹಾ ಕುಡಿದು ಬಂದೆ, ಊಟ ಮಾಡಿ ಬಂದೆ. ನೂರಕ್ಕೆ 71ರಲ್ಲಿ ನಿಂತುಬಿಟ್ಟಿತು.

ಆಗಿದ್ದಿಷ್ಟು. ಉಳಿದ ಮೂರರಲ್ಲಿ ಒಂದು ಡಿಸ್ಕಿನ ಒಂದು ಸೆಕ್ಟರ್, ಅಂದರೆ ಮಾಹಿತಿ ಇಡುವ ಒಂದು ಚಿಕ್ಕ ಜಾಗ, ಓದಲು ಬರುತ್ತಿರಲಿಲ್ಲ. ಅಲ್ಲಿದ್ದದ್ದು ಮೂರು ವರ್ಷದಿಂದ ಯಾರೂ ತೆರೆಯದ ಹಳೆಯ ಲಗ್ನಪತ್ರಿಕೆಗಳ ಡಿಸೈನ್. ಯಾರೂ ತೆರೆಯದ್ದರಿಂದಲೇ ಅದು ಕೆಟ್ಟದ್ದು ಯಾರಿಗೂ ಗೊತ್ತಾಗಿರಲಿಲ್ಲ. ಎರಡು ತಿಂಗಳ ಹಿಂದಿನ ಬ್ಯಾಕಪ್ ಇತ್ತು, ಅದರ ಮೇಲೆ ಬದುಕಿದೆವು. ತಪ್ಪು ನನ್ನದೇ. ಪೆಟ್ಟಿಗೆ ಕೂರಿಸಿದ ದಿನ ತಪಾಸಣೆಯನ್ನು "ಆಮೇಲೆ ನೋಡೋಣ" ಅಂತ ಬಿಟ್ಟಿದ್ದೆ.

ಡಿಸ್ಕಿನ ಗುಣವೇ ಇದು. ಸೆಕ್ಟರ್ ಕೆಟ್ಟರೆ ಅದು ಕೂಗಿ ಹೇಳುವುದಿಲ್ಲ. ಓದಲು ಹೋದಾಗಲೇ ತಿಳಿಯುತ್ತದೆ. ತಪಾಸಣೆ ಅಂದರೆ ಎಲ್ಲ ಡಿಸ್ಕ್‌ಗಳನ್ನೂ ಮೊದಲಿನಿಂದ ಕೊನೆಯವರೆಗೆ ಬೇಕಂತಲೇ ಓದಿಸುವುದು. ಓದಲು ಬಾರದ ಜಾಗ ಸಿಕ್ಕರೆ ಉಳಿದ ಡಿಸ್ಕ್‌ಗಳಿಂದ ಲೆಕ್ಕ ಹಾಕಿ ಅಲ್ಲಿ ಮತ್ತೆ ಬರೆಯುತ್ತದೆ. ಎಲ್ಲ ಡಿಸ್ಕ್ ಜೀವಂತ ಇರುವಾಗ ಮಾತ್ರ ಈ ರಿಪೇರಿ ಸುಲಭ. ಒಂದು ಸತ್ತ ಮೇಲೆ, ನಮ್ಮ ಗದಗಿನ ಕಥೆ.

ಇದು ಅಪರೂಪದ ಕಾಯಿಲೆಯೂ ಅಲ್ಲ. ನೆಟ್‌ಆ್ಯಪ್ ಕಂಪನಿಯ ಸುಮಾರು 15.3 ಲಕ್ಷ ಡಿಸ್ಕ್‌ಗಳನ್ನು 32 ತಿಂಗಳು ಗಮನಿಸಿದ ಒಂದು ಅಧ್ಯಯನ 2007ರಲ್ಲಿ ಬಂತು. ನೂರಕ್ಕೆ 3.45ರಷ್ಟು ಡಿಸ್ಕ್‌ಗಳಲ್ಲಿ ಇಂಥ ಅಡಗಿದ ಕೆಟ್ಟ ಸೆಕ್ಟರ್ ಸಿಕ್ಕವು. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪತ್ತೆಯಾದದ್ದು ಇದೇ ಹಿನ್ನೆಲೆ ತಪಾಸಣೆಯಲ್ಲಿ. ಸಾಮಾನ್ಯ ಡಿಸ್ಕಿನ ವಿವರಪಟ್ಟಿಯಲ್ಲೂ ಒಂದು ಸಾಲು ಇರುತ್ತದೆ: 1ರ ಮುಂದೆ 14 ಸೊನ್ನೆಯಷ್ಟು ಬಿಟ್ ಓದಿದರೆ ಒಂದು ಸಲ ಓದು ತಪ್ಪಬಹುದು ಅಂತ. ಅದು 12.5 ಟಿಬಿ. ಗದಗಿನ ಪೆಟ್ಟಿಗೆಯಲ್ಲಿ ಮತ್ತೆ ಕಟ್ಟಲು ಓದಬೇಕಾಗಿದ್ದದ್ದು ಮೂರು ಡಿಸ್ಕ್ ಸೇರಿ 12 ಟಿಬಿ! ಕಂಪನಿ ಹೇಳುವುದು ಅತಿ ಕೆಟ್ಟ ಲೆಕ್ಕ, ನಿಜದಲ್ಲಿ ಡಿಸ್ಕ್‌ಗಳು ಅದಕ್ಕಿಂತ ಚೆನ್ನಾಗಿಯೇ ಓದುತ್ತವೆ. ಆದರೂ ಆ ಸಂಖ್ಯೆ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೆಜ್ಜೆ 1: ಈಗಾಗಲೇ ಏನು ಓಡುತ್ತಿದೆ, ನೋಡಿ

ಹೊಸದು ಹಾಕುವ ಮೊದಲು ಇದ್ದದ್ದನ್ನು ಹುಡುಕಿ. ತಪಾಸಣೆ ಅಂತ ಒಂದೇ ಹೆಸರಿದ್ದರೂ ಒಳಗೆ ಮೂರು ಬೇರೆ ಬೇರೆ ಕೆಲಸಗಳಿವೆ.

ಒಂದು, ಡಿಸ್ಕ್ ತನ್ನನ್ನು ತಾನೇ ನೋಡಿಕೊಳ್ಳುವ ಸ್ಮಾರ್ಟ್ ಪರೀಕ್ಷೆ. ಚಿಕ್ಕದು ಎರಡು ನಿಮಿಷ, ಉದ್ದದ್ದು ಗಂಟೆಗಟ್ಟಲೆ. ಪಕ್ಕದ ಡಿಸ್ಕಿನಲ್ಲಿ ಏನಿದೆ ಅನ್ನುವುದು ಇದಕ್ಕೆ ಗೊತ್ತಿಲ್ಲ. ಎರಡು, ರೇಡ್ ಮಟ್ಟದ ತಪಾಸಣೆ. ಎಲ್ಲ ಡಿಸ್ಕ್ ಓದಿ ಲೆಕ್ಕ ತಾಳೆ ನೋಡುತ್ತದೆ. ಮೂರು, ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಥರದ ಫೈಲ್ ಸಿಸ್ಟಂಗಳ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆಗಳ) ಸ್ಕ್ರಬ್. ಇವು ಪ್ರತಿ ತುಣುಕಿಗೂ ಒಂದು ಚೆಕ್‌ಸಮ್, ಅಂದರೆ ಆ ಮಾಹಿತಿಯಿಂದಲೇ ಲೆಕ್ಕ ಹಾಕಿದ ತಾಳೆ ಅಂಕಿ, ಇಟ್ಟುಕೊಂಡಿರುತ್ತವೆ. ಹಾಗಾಗಿ ಎರಡು ಪ್ರತಿ ಬೇರೆಯಾದರೆ ಯಾವುದು ಸರಿ ಅಂತ ಹೇಳಬಲ್ಲವು. ಮೊದಲಿನ ಎರಡಕ್ಕೆ ಆ ಜಾಣತನ ಇಲ್ಲ.

ಈಗ ತಯಾರಕರು ಹಾಕಿಟ್ಟ ವೇಳೆಗಳು. ಡೆಬಿಯನ್, ರೆಡ್ ಹ್ಯಾಟ್, ಉಬುಂಟು ಎಲ್ಲ ಲಿನಕ್ಸ್‌ನ ಬಗೆಗಳು. ಬೇರೆ ಕಾರ್ಡ್ ಇಲ್ಲದೆ ಲಿನಕ್ಸ್ ತಾನೇ ನಡೆಸುವ ಎಂಡಿ ರೇಡ್ ಇದ್ದು, ಡೆಬಿಯನ್ ಹಾಕಿದ್ದರೆ, ಬಹಳ ವರ್ಷ ನಡೆದುಬಂದ ರೂಢಿ ತಿಂಗಳ ಮೊದಲ ರವಿವಾರ ರಾತ್ರಿ 12:57. ಕಾಕಾ ಕೇಳಿದ ಗರಗರ ಅದೇ. ರೆಡ್ ಹ್ಯಾಟ್ ಬಳಗದಲ್ಲಿ ಪ್ರತಿ ರವಿವಾರ ನಸುಕಿನ 1 ಗಂಟೆ. ಉಬುಂಟುವಿನಲ್ಲಿ ಝಡ್‌ಎಫ್‌ಎಸ್ ಇದ್ದರೆ ತಿಂಗಳ ಎರಡನೇ ರವಿವಾರ. ರೇಡ್ ಕೆಲಸಕ್ಕೇ ಇರುವ ಮೆಗಾರೇಡ್ ಕಾರ್ಡ್ ಹಾಕಿದ ಸರ್ವರ್‌ಗಳಲ್ಲಿ ಪೆಟ್ರೋಲ್ ರೀಡ್ ಅನ್ನುವ ಕೆಲಸ 168 ಗಂಟೆಗೊಮ್ಮೆ, ಅಂದರೆ ವಾರಕ್ಕೊಮ್ಮೆ ತಾನೇ ಏಳುತ್ತದೆ. ಹೆಸರು ಕೇಳಿ ಇಂಧನದ ಪೆಟ್ರೋಲ್ ಅಂದುಕೊಳ್ಳಬೇಡಿ, ಪೊಲೀಸರು ರಾತ್ರಿ ಗಸ್ತು ತಿರುಗುತ್ತಾರಲ್ಲ, ಆ ಪೆಟ್ರೋಲ್. ಸುಮ್ಮನೆ ಕೂತ ಸ್ಪೇರ್ ಡಿಸ್ಕನ್ನೂ ಇದು ಓದುತ್ತದೆ. ಕನ್ಸಿಸ್ಟೆನ್ಸಿ ಚೆಕ್ ಅನ್ನುವುದು ಅದೇ ಕಾರ್ಡಿನ ಬೇರೆ ಕೆಲಸ. ಅದು ಲೆಕ್ಕ ತಾಳೆ ನೋಡುತ್ತದೆ. ಎರಡೂ ಬೇಕು, ಒಂದನ್ನು ಇನ್ನೊಂದು ಅಂದುಕೊಂಡು ಬಿಡಬಾರದು.

ಒಂದು ಹಾಳೆ ತಗೊಂಡು ಇವನ್ನೆಲ್ಲ ಬರೆದುಕೊಳ್ಳಿ. ಬ್ಯಾಕಪ್ ಯಾವಾಗ ಓಡುತ್ತದೆ ಅನ್ನುವುದನ್ನೂ ಸೇರಿಸಿ.

ಹೆಜ್ಜೆ 2: ಪೆಟ್ಟಿಗೆಯ ಗಡಿಯಾರ ನೋಡಿ

ಒಂದೇ ನಿಮಿಷದ ಕೆಲಸ, ಆದರೆ ಬಿಡಬೇಡಿ. ಗದಗಿನ ಅದೇ ಪ್ರೆಸ್ಸಿಗೆ ಹೊಸ ಪೆಟ್ಟಿಗೆ ತಂದ ಮೇಲೆ ನಸುಕಿನ 2ಕ್ಕೆ ತಪಾಸಣೆ ಹಾಕಿದ್ದೆ. ಮರುದಿನ ಬೆಳಗ್ಗೆ ಫೋನ್: "ಅಣ್ಣಾರ, ಫೈಲ್ ಓಪನ್ನೇ ಆಗವಲ್ದು". ಪೆಟ್ಟಿಗೆ ಯುಟಿಸಿ ಸಮಯದಲ್ಲಿತ್ತು, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ. ಅದರ 2 ಗಂಟೆ ಅಂದರೆ ನಮ್ಮ ಬೆಳಗ್ಗೆ ಏಳೂವರೆ. ಪ್ಲೇಟ್ ಹಾಕುವ ಹೊತ್ತಿಗೆ ಸರಿಯಾಗಿ ಶುರುವಾಗಿತ್ತು. ಟೈಮ್ ಝೋನ್ ಕೋಲ್ಕತ್ತಾ ಅಂತ ಇದೆಯೇ ನೋಡಿ. ರೇಡ್ ಕಾರ್ಡಿಗೆ ತನ್ನದೇ ಗಡಿಯಾರ ಇರುತ್ತದೆ, ಅದನ್ನೂ ನೋಡಿ.

ಹೆಜ್ಜೆ 3: ಮೊದಲ ತಪಾಸಣೆಗೆ ಮುಂಚೆ ಬ್ಯಾಕಪ್

ಇಲ್ಲಿ ಸ್ವಲ್ಪ ನಿಲ್ಲೋಣ. ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲೇ.

ನಿಮ್ಮ ಪೆಟ್ಟಿಗೆ ಮೂರು ನಾಲ್ಕು ವರ್ಷದಿಂದ ಒಮ್ಮೆಯೂ ತಪಾಸಣೆ ಕಂಡಿಲ್ಲ ಅಂದುಕೊಳ್ಳಿ. ಈ ಲೇಖನ ಓದಿ ಹುರುಪು ಬಂತು, ಇವತ್ತೇ ರಾತ್ರಿ ಓಡಿಸಿಬಿಡುತ್ತೀರಿ. ತಪ್ಪು. ಅಷ್ಟು ವರ್ಷ ಅರ್ಧ ನಿದ್ದೆಯಲ್ಲಿದ್ದ ಡಿಸ್ಕ್‌ಗಳು ಒಂದೇ ರಾತ್ರಿ ಎಂಟು ಹತ್ತು ಗಂಟೆ ಎಡೆಬಿಡದೆ ಓಡಬೇಕು. ಬಿಸಿಯಾಗುತ್ತವೆ. ಎರಡು ಡಿಸ್ಕ್ ಮೊದಲೇ ಸೊರಗಿದ್ದರೆ ಎರಡೂ ಅದೇ ರಾತ್ರಿ ಕೈಕೊಡಬಹುದು. ತಪಾಸಣೆ ಅವನ್ನು ಕೊಂದಿತು ಅಂತಲ್ಲ, ಮುಂದೆ ಸಾಯುವುದು ಇವತ್ತೇ ಬಯಲಾಯಿತು ಅಷ್ಟೇ. ಆದರೆ ಬ್ಯಾಕಪ್ ಇಲ್ಲದವನಿಗೆ ಆ ವ್ಯತ್ಯಾಸದಿಂದ ಏನು ಪ್ರಯೋಜನ, ಅಲ್ವಾ?

ಆದ್ದರಿಂದ ಮೊದಲು ಬೇಕಾದ ಫೈಲ್‌ಗಳನ್ನು ಬೇರೆ ಡಿಸ್ಕಿಗೆ ಇಳಿಸಿ. ಆ ಡಿಸ್ಕನ್ನು ಕೇಬಲ್ ಕಿತ್ತು ಬೀರುವಿನಲ್ಲಿ ಇಡಿ. ಆಮೇಲೆ ಪ್ರತಿ ಡಿಸ್ಕಿನ ಸ್ಮಾರ್ಟ್ ಅಂಕಿ ನೋಡಿ, ಅದನ್ನು ಕೆಳಗೆ ಹೇಳಿದ್ದೇನೆ. ಒಂದು ಡಿಸ್ಕ್ ಆಗಲೇ ಕೆಂಪು ತೋರಿಸುತ್ತಿದ್ದರೆ, ಅಥವಾ ಪೆಟ್ಟಿಗೆ ಒಂದು ಡಿಸ್ಕ್ ಕಳಕೊಂಡು ಕುಂಟುತ್ತಿದ್ದರೆ, ತಪಾಸಣೆಯ ಮಾತೇ ಬೇಡ. ಬ್ಯಾಕಪ್, ಡಿಸ್ಕ್ ಬದಲು, ಮತ್ತೆ ಕಟ್ಟುವುದು. ಇವೆಲ್ಲ ಮುಗಿದ ಮೇಲೆ ತಪಾಸಣೆ.

"ರೇಡ್ ಐತಲ್ರಿ, ಮತ್ತ ಬ್ಯಾಕಪ್ ಯಾಕ?" ಅಂತ ಕೇಳುವವರು ಪ್ರತಿ ಊರಲ್ಲೂ ಸಿಗುತ್ತಾರೆ. ಯಾರೋ ಫೋಲ್ಡರ್ ಅಳಿಸಿದರೆ ರೇಡ್ ಅದನ್ನು ಎಲ್ಲ ಡಿಸ್ಕ್‌ಗಳಿಂದಲೂ ನಿಷ್ಠೆಯಿಂದ ಅಳಿಸುತ್ತದೆ ಅಂತ ಹೇಳುತ್ತೇನೆ.

ಹೆಜ್ಜೆ 4: ಎಷ್ಟು ಗಂಟೆ ಬೇಕು? ಲೆಕ್ಕ ಹಾಕಿ

ಎಲ್ಲ ಡಿಸ್ಕ್‌ಗಳೂ ಒಟ್ಟಿಗೆ ಓದುತ್ತವೆ. ಹಾಗಾಗಿ ಒಂದೇ ಡಿಸ್ಕಿನ ಅಳತೆ ಲೆಕ್ಕಕ್ಕೆ ಸಾಕು, ಪೆಟ್ಟಿಗೆಯ ಒಟ್ಟು ಜಾಗ ಬೇಡ. 4 ಟಿಬಿ ಡಿಸ್ಕ್, ಸೆಕೆಂಡಿಗೆ ಸರಾಸರಿ 150 ಎಂಬಿ ವೇಗ ಅಂದರೆ ಸುಮಾರು ಏಳೂವರೆ ಗಂಟೆ. 8 ಟಿಬಿ, 160 ಎಂಬಿ ವೇಗ ಅಂದರೆ ಹತ್ತಿರ ಹತ್ತಿರ 14 ಗಂಟೆ. ಇದು ಬೇರೆ ಯಾರೂ ಪೆಟ್ಟಿಗೆ ಮುಟ್ಟದಿದ್ದಾಗಿನ ಮಾತು. ಸಿಸಿಟಿವಿ ಕ್ಯಾಮೆರಾಗಳ ರೆಕಾರ್ಡಿಂಗ್ ಅದೇ ಪೆಟ್ಟಿಗೆಗೆ ಹೋಗುತ್ತಿದ್ದರೆ ಎರಡು ಪಟ್ಟು ಹಿಡಿಯಿರಿ.

ಝಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಸ್ಕ್ರಬ್ ತುಂಬಿದ ಜಾಗವನ್ನಷ್ಟೇ ಓದುತ್ತದೆ. ಪೆಟ್ಟಿಗೆ ಅರ್ಧ ಖಾಲಿ ಇದ್ದರೆ ಬೇಗ ಮುಗಿಯುತ್ತದೆ.

14 ಗಂಟೆ ಅಂದರೆ ಒಂದು ರಾತ್ರಿಯಲ್ಲಿ ಮುಗಿಯದು. ಆಗ ತುಂಡು ತುಂಡಾಗಿ ಮಾಡಬೇಕು. ಹೊಸ ಲಿನಕ್ಸ್‌ಗಳಲ್ಲಿ ಎಂಡಿಚೆಕ್ ಅನ್ನುವ ಏರ್ಪಾಡು ಇದೆ. ತಿಂಗಳ ಮೊದಲ ರವಿವಾರ ಶುರುಮಾಡಿ 6 ಗಂಟೆ ಓಡುತ್ತದೆ, ನಿಲ್ಲುತ್ತದೆ, ಮರುರಾತ್ರಿ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ನನಗೆ ಇದು ಬಹಳ ಹಿಡಿಸಿತು. ಸೈನಾಲಜಿ ಕಂಪನಿಯ ಪೆಟ್ಟಿಗೆಗಳಲ್ಲೂ ಇಂತಿಷ್ಟು ಗಂಟೆಯಿಂದ ಇಂತಿಷ್ಟು ಗಂಟೆವರೆಗೆ ಮಾತ್ರ ಓಡು ಅಂತ ಕಟ್ಟುಹಾಕಬಹುದು.

ಹೆಜ್ಜೆ 5: ವಾರ ಆರಿಸಿ

ಇಲ್ಲಿ ಕಂಪ್ಯೂಟರ್ ಜ್ಞಾನ ಬೇಡ, ವ್ಯಾಪಾರದ ಜ್ಞಾನ ಬೇಕು.

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಮಾರಾಟ. ಸೀಸನ್ನಿನಲ್ಲಿ ಆ ಎರಡು ದಿನ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾನು ಸಾವ್ಕಾರರನ್ನು ಕೇಳಿದೆ, ಯಾವ ರಾತ್ರಿ ಪೆಟ್ಟಿಗೆ ಬಿಡುವಾಗಿರುತ್ತದೆ ಅಂತ. "ರವಿವಾರ ರಾತ್ರಿ ಒಂದು ಗಂಟೆಗೆ ಹಾಕ್ರಿ, ಯಾರೂ ಇರಂಗಿಲ್ಲ" ಅಂದರು. ಹಾಕಿದೆ. ನಮ್ಮ ಮಾತಿನ ರವಿವಾರ ರಾತ್ರಿ ಒಂದು ಗಂಟೆ ಯಂತ್ರಕ್ಕೆ ಸೋಮವಾರ 1 ಗಂಟೆ. ಅದು 8 ಟಿಬಿ ಡಿಸ್ಕ್‌ಗಳ ಪೆಟ್ಟಿಗೆ. ಸೋಮವಾರ ಮಧ್ಯಾಹ್ನ 3ರವರೆಗೆ ಗರಗರ. ಬಿಲ್ ಸಾಫ್ಟ್‌ವೇರ್ ಆಮೆಯ ಹಾಗೆ ತೆವಳಿತು, ಹೊರಗೆ ರೈತರು ಸಾಲುಗಟ್ಟಿ ನಿಂತಿದ್ದರು. ನನಗೆ ಬಂದ ಬೈಗುಳ ಇಲ್ಲಿ ಬೇಡ. ಈಗ ಅಲ್ಲಿ ಶನಿವಾರ ರಾತ್ರಿ 11ಕ್ಕೆ ಶುರು. ರವಿವಾರ ಮಧ್ಯಾಹ್ನ ಮುಗಿಯುತ್ತದೆ. ಒಂದಿಷ್ಟು ತಡವಾದರೂ ಸೋಮವಾರಕ್ಕೆ ಸಾಕಷ್ಟು ದೂರ.

ನೀವೂ ವೇಳೆ ಹಾಕುವಾಗ ನಡುರಾತ್ರಿ 12ರ ಈಚೆಯೋ ಆಚೆಯೋ ಅಂತ ಎರಡು ಸಲ ಕೇಳಿಕೊಳ್ಳಿ. ರಾತ್ರಿ 11 ಅಂತ ಹಾಕಿದರೆ ಈ ಗೊಂದಲವೇ ಬರುವುದಿಲ್ಲ.

ಹುಬ್ಬಳ್ಳಿಯ ಸ್ಟುಡಿಯೊಗೆ ಶನಿವಾರ, ರವಿವಾರ ಎರಡೂ ಕೆಟ್ಟ ದಿನ. ಮದುವೆ, ಆರತಕ್ಷತೆ ಮುಗಿಸಿಕೊಂಡು ಹುಡುಗರು ನಡುರಾತ್ರಿ ಬರುತ್ತಾರೆ, ಹತ್ತು ಹನ್ನೆರಡು ಮೆಮೊರಿ ಕಾರ್ಡ್ ಒಟ್ಟಿಗೆ ಪೆಟ್ಟಿಗೆಗೆ ಸುರಿಯುತ್ತಾರೆ. ಅದೇ ಹೊತ್ತಿಗೆ ತಪಾಸಣೆಯೂ ಓಡುತ್ತಿದ್ದರೆ ಎರಡೂ ಕುಂಟುತ್ತವೆ. ಅಲ್ಲಿ ಮಂಗಳವಾರ ರಾತ್ರಿ 11 ಮಾಡಿದೆ. ಡಿಸ್ಕ್ ಬದಲಿಸುವುದು, ದೊಡ್ಡ ಡಿಸ್ಕಿಗೆ ಏರಿಸುವುದು ಥರದ ಭಾರದ ಕೆಲಸಗಳನ್ನು ಆಷಾಢಕ್ಕೆ ಇಟ್ಟುಕೊಳ್ಳುತ್ತೇವೆ. ಆಷಾಢದಲ್ಲಿ ಮದುವೆ ಇಲ್ಲ, ಕ್ಯಾಮೆರಾಗಳೂ ಚೀಲದಲ್ಲಿ ಮಲಗಿರುತ್ತವೆ.

ಕರೆಂಟ್ ಮಾತು. ನಡುವೆ ಕರೆಂಟ್ ಹೋದರೆ ತಪಾಸಣೆ ಅರ್ಧಕ್ಕೆ ನಿಲ್ಲುತ್ತದೆ. ಓದುವ ಕೆಲಸ ಆದ್ದರಿಂದ ಅದರಿಂದಲೇ ಫೈಲ್ ಕೆಡುವುದಿಲ್ಲ, ಆದರೆ ಪೆಟ್ಟಿಗೆ ದಿಢೀರ್ ಸಾಯುವುದು ಯಾವತ್ತೂ ಒಳ್ಳೆಯದಲ್ಲ. ಯುಪಿಎಸ್ ಇರಲಿ. ಇದ್ದರೆ ಸಾಲದು, ಅದರ ಯುಎಸ್‌ಬಿ ಕೇಬಲ್ ಪೆಟ್ಟಿಗೆಗೆ ಸೇರಿರಲಿ. ಆಗ ಬ್ಯಾಟರಿ ಇಳಿಯುವ ಮೊದಲು ಪೆಟ್ಟಿಗೆ ತಾನೇ ನೀಟಾಗಿ ಮುಚ್ಚಿಕೊಳ್ಳುತ್ತದೆ. ಆ ಕೇಬಲ್ ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇರುವ ಎಷ್ಟೋ ಅಂಗಡಿ ನೋಡಿದ್ದೇನೆ. ಪೇಪರಿನ ಒಳಪುಟದಲ್ಲಿ "ವಿದ್ಯುತ್ ವ್ಯತ್ಯಯ" ಅಂತ ಬರುವ ಚಿಕ್ಕ ಸುದ್ದಿ ಓದುವ ರೂಢಿ ಮಾಡಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗಿನ ಮಳೆ ಬಂದರೆ ಆ ದಿನದ ತಪಾಸಣೆ ಮುಂದಕ್ಕೆ ಹಾಕುತ್ತೇನೆ. ಬೇಸಿಗೆಯಲ್ಲಿ ಹಗಲು ಹೊತ್ತು ಅಂತೂ ಬೇಡವೇ ಬೇಡ. ಓಡುವಾಗ ಡಿಸ್ಕ್ 45 ಡಿಗ್ರಿ ದಾಟಿದರೆ ನಾನು ಮೊದಲು ಫ್ಯಾನ್ ನೋಡುತ್ತೇನೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತಾರೆ. ಆ ಅಂಗಡಿಯ ಪೆಟ್ಟಿಗೆಯ ಫ್ಯಾನ್ ಜಾಳಿಗೆ ಬಿಚ್ಚಿ ಊದಿದ ದಿನದಿಂದ ನಾನು ಆ ಮಾತು ನಂಬುವುದಿಲ್ಲ.

ಹೆಜ್ಜೆ 6: ಈಗ ಹಾಕಿ

ಸೈನಾಲಜಿ: ಸ್ಟೋರೇಜ್ ಮ್ಯಾನೇಜರ್ ತೆರೆದು, ಸ್ಟೋರೇಜ್ ಪುಟದಲ್ಲಿ ಡೇಟಾ ಸ್ಕ್ರಬ್ಬಿಂಗ್ ಶೆಡ್ಯೂಲ್ ಹುಡುಕಿ. ಎರಡೇ ಡಿಸ್ಕ್ ಇದ್ದು, ಬಿಟಿಆರ್‌ಎಫ್‌ಎಸ್ ಕೂಡ ಇಲ್ಲದಿದ್ದರೆ ಅಲ್ಲಿ ಸ್ಕ್ರಬ್ಬಿಂಗ್ ಸಿಗುವುದಿಲ್ಲ. ಆಗ ಸ್ಮಾರ್ಟ್ ಉದ್ದ ಪರೀಕ್ಷೆಯೇ ಗತಿ.

ಕ್ಯೂನ್ಯಾಪ್: ಸ್ಟೋರೇಜ್ ಆ್ಯಂಡ್ ಸ್ನ್ಯಾಪ್‌ಶಾಟ್ಸ್ ಒಳಗೆ ಗ್ಲೋಬಲ್ ಸೆಟ್ಟಿಂಗ್ಸ್, ಅಲ್ಲಿ ರೇಡ್ ಸ್ಕ್ರಬ್ಬಿಂಗ್ ವೇಳಾಪಟ್ಟಿ.

ಟ್ರೂನ್ಯಾಸ್: ಸ್ಕ್ರಬ್ ಟಾಸ್ಕ್ ಹುಡುಕಿ, ಬಹಳಷ್ಟು ಆವೃತ್ತಿಗಳಲ್ಲಿ ಡೇಟಾ ಪ್ರೊಟೆಕ್ಷನ್ ಒಳಗೆ. ಇಲ್ಲಿ ಒಂದು ಗುಟ್ಟಿದೆ. ವಾರ ರವಿವಾರ ಅಂತ ಇರುತ್ತದೆ, ಪಕ್ಕದಲ್ಲಿ ಥ್ರೆಶೋಲ್ಡ್ 35 ಅಂತ ಇರುತ್ತದೆ. ಹಾಗಂದರೆ ಪ್ರತಿ ರವಿವಾರ ಎದ್ದು ನೋಡುತ್ತದೆ, ಹಿಂದಿನ ಸ್ಕ್ರಬ್ ಮುಗಿದು 35 ದಿನ ಆಗಿದ್ದರೆ ಮಾತ್ರ ಓಡುತ್ತದೆ. "ವಾರ ವಾರ ಓಡ್ತಿದೆ" ಅಂತ ಒಬ್ಬರು ಎದೆ ತಟ್ಟಿ ಹೇಳಿದ್ದರು. ಇಲ್ಲ, ಹೆಚ್ಚುಕಮ್ಮಿ ತಿಂಗಳಿಗೊಮ್ಮೆ. ಅದು ಸಾಕು ಬಿಡಿ.

ಬರೀ ಲಿನಕ್ಸ್: ಗೊತ್ತಾದ ವೇಳೆಗೆ ಕೆಲಸ ಎಬ್ಬಿಸುವುದು ಹಳೆಯ ವ್ಯವಸ್ಥೆಯಲ್ಲಿ ಕ್ರಾನ್ ಫೈಲ್, ಹೊಸದರಲ್ಲಿ ಸಿಸ್ಟಂಡಿ ಟೈಮರ್. ಎರಡನ್ನೂ ನೋಡಿ. ಇಲ್ಲದಿದ್ದರೆ ನೀವು ಒಂದರಲ್ಲಿ ಬದಲಿಸುತ್ತೀರಿ, ಇನ್ನೊಂದು ಹಳೆಯ ವೇಳೆಗೆ ಏಳುತ್ತದೆ. ಟೈಮರನ್ನು ನೇರ ತಿದ್ದಬೇಡಿ, ಮೇಲೊಂದು ಬದಲಿ ಫೈಲ್ ಇಡಿ. ಅಪ್‌ಡೇಟ್ ಬಂದಾಗ ನಿಮ್ಮ ತಿದ್ದುಪಡಿ ಅಳಿಯುವುದಿಲ್ಲ. ವೇಗಕ್ಕೆ ಎರಡು ತಿರುಪು ಇವೆ, ಕನಿಷ್ಠ ಮತ್ತು ಗರಿಷ್ಠ. ಮೊದಲೇ ಇರುವ ಬೆಲೆ ಡಿಸ್ಕಿಗೆ ಸೆಕೆಂಡಿಗೆ 1,000 ಕೆಬಿ ಮತ್ತು 2,00,000 ಕೆಬಿ. ಬೇರೆ ಕೆಲಸ ನಡೆಯುತ್ತಿದ್ದರೆ ತಪಾಸಣೆ ಕನಿಷ್ಠದ ಕಡೆಗೆ ಇಳಿಯುತ್ತದೆ, ಬಿಡುವಿದ್ದರೆ ಗರಿಷ್ಠದ ಕಡೆಗೆ ಏರುತ್ತದೆ. ಹಗಲಿಗೆ ಹರಿದುಬಂದು ಕೆಲಸ ನಿಧಾನವಾದರೆ ಗರಿಷ್ಠವನ್ನು 50,000ಕ್ಕೆ ಇಳಿಸಿ ನೋಡಿ. ತೀರಾ ತುರ್ತಿದ್ದರೆ ತಪಾಸಣೆಯನ್ನು ನಿಲ್ಲಿಸಿ, ಯಾವ ಹಾನಿಯೂ ಇಲ್ಲ. ಆದರೆ ಅವತ್ತು ನಿಲ್ಲಿಸಿದ್ದನ್ನು ಮತ್ತೆ ಓಡಿಸಲು ನೆನಪಿಡಿ.

ರೇಡ್ ಕಾರ್ಡ್: ಪೆಟ್ರೋಲ್ ರೀಡ್ ವಾರಕ್ಕೊಮ್ಮೆ ಇರಲಿ, ಸುಮ್ನೆ ಅದರ ಶುರುವಿನ ವೇಳೆಯನ್ನು ನಿಮ್ಮ ಬಿಡುವಿನ ರಾತ್ರಿಗೆ ಸರಿಸಿ. ಕನ್ಸಿಸ್ಟೆನ್ಸಿ ಚೆಕ್ ತಿಂಗಳಿಗೊಮ್ಮೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಎಷ್ಟು ದಿನಕ್ಕೊಮ್ಮೆ? ದಿನಾ ದುಡಿಯುವ ಪೆಟ್ಟಿಗೆಗೆ ತಿಂಗಳಿಗೊಮ್ಮೆ. ಮನೆಯ ಫೋಟೊ, ಸಿನಿಮಾ ತುಂಬಿದ ಪೆಟ್ಟಿಗೆಗೆ ಮೂರು ತಿಂಗಳಿಗೊಮ್ಮೆ. ಪೆಟ್ರೋಲ್ ರೀಡ್ ಬಿಟ್ಟು ಉಳಿದ ತಪಾಸಣೆಯನ್ನು ವಾರಕ್ಕೊಮ್ಮೆ ಪೂರ್ತಿ ಓಡಿಸುವುದು ನನಗೆ ಅತಿ ಅನಿಸುತ್ತದೆ.

ಹೆಜ್ಜೆ 7: ಒಂದರ ಮೇಲೊಂದು ಬೀಳದಂತೆ ಹಂಚಿ

ಸ್ಟುಡಿಯೊದ ಹಂಚಿಕೆ ಹೀಗಿದೆ. ಬ್ಯಾಕಪ್ ದಿನಾ ರಾತ್ರಿ 8ಕ್ಕೆ ಶುರು, ಹತ್ತೂವರೆ ಒಳಗೆ ಮುಗಿಯುತ್ತದೆ. ಚಿಕ್ಕ ಸ್ಮಾರ್ಟ್ ಪರೀಕ್ಷೆ ಪ್ರತಿ ಶುಕ್ರವಾರ ಬೆಳಗ್ಗೆ 6ಕ್ಕೆ. ಉದ್ದ ಪರೀಕ್ಷೆ ತಿಂಗಳ ಮೊದಲ ವಾರ, ರಾತ್ರಿಗೆ ಒಂದೊಂದೇ ಡಿಸ್ಕ್. ಪೂರ್ತಿ ತಪಾಸಣೆ ತಿಂಗಳ ಎರಡನೇ ಮಂಗಳವಾರ. ಉದ್ದ ಪರೀಕ್ಷೆಯನ್ನು ಮುಂಚೆ ಇಟ್ಟದ್ದು ಬೇಕಂತಲೇ. ಸೊರಗಿದ ಡಿಸ್ಕ್ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ, ಮಂಗಳವಾರಕ್ಕೆ ಮುಂಚೆ ಹೊಸದು ತರಿಸಲು ಹೊತ್ತು ಸಿಗುತ್ತದೆ.

ಹೆಜ್ಜೆ 8: ಮೇಲ್ ಬರುತ್ತದೆಯೇ?

ತಪಾಸಣೆ ಓಡಿ, ತಪ್ಪು ಸಿಕ್ಕಿ, ಆ ಸುದ್ದಿ ಯಾರಿಗೂ ಮುಟ್ಟದಿದ್ದರೆ? ಒಂದು ಕಡೆ ಏಳು ತಿಂಗಳಿಂದ ಮೇಲೇ ಬಂದಿರಲಿಲ್ಲ. ಎಲ್ಲ ಚೆನ್ನಾಗಿದೆ ಅಂತ ಸುಮ್ಮನಿದ್ದರು. ಜಿಮೇಲ್ 2022ರ ಮೇ 30ರಿಂದ ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಬರುವ ಹಳೆಯ ಸಾಧನಗಳನ್ನು ನಿಲ್ಲಿಸಿತು. ಹಳೆಯ ಸೆಟ್ಟಿಂಗಿನ ಪೆಟ್ಟಿಗೆಗಳೆಲ್ಲ ಅಂದಿನಿಂದ ಮೂಕ. ಈಗ ಆ್ಯಪ್ ಪಾಸ್‌ವರ್ಡ್ ಅಂತ ಬೇರೆ ಮಾಡಿಕೊಳ್ಳಬೇಕು.

ಪರೀಕ್ಷಾ ಮೇಲ್ ಕಳಿಸುವ ಗುಂಡಿ ಬಹಳಷ್ಟು ಪೆಟ್ಟಿಗೆಗಳಲ್ಲಿ ಇರುತ್ತದೆ. ಒತ್ತಿ, ಬಂತೇ ನೋಡಿ. "ಎಲ್ಲ ಸರಿಯಿದೆ" ಅನ್ನುವ ಮೇಲನ್ನೂ ತರಿಸಿಕೊಳ್ಳಿ. ತಪ್ಪಾದಾಗ ಮಾತ್ರ ಕಳಿಸು ಅಂದರೆ, ಸುದ್ದಿ ಬರದಿದ್ದಾಗ ಅದು ಆರೋಗ್ಯವೋ ಸಾವೋ ತಿಳಿಯುವುದಿಲ್ಲ. ಮತ್ತೆ ಮೇಲ್ ಇಬ್ಬರಿಗೆ ಹೋಗಲಿ. ಬೆಂಗಳೂರಿನಲ್ಲಿ ಓದುವ ಮಗನ ಅಕೌಂಟಿಗೆ ಮಾತ್ರ ಹೋಗುವಂತೆ ಮಾಡಬೇಡಿ, ಅವನು ನೋಡುವುದಿಲ್ಲ.

ಹೆಜ್ಜೆ 9: ಮರುದಿನ ಬೆಳಗ್ಗೆ ಏನು ನೋಡಬೇಕು

ಪ್ರತಿ ಡಿಸ್ಕಿನ ಸೀರಿಯಲ್ ನಂಬರ್ ಹಾಕಿ ಒಂದು ನೋಟ್‌ಬುಕ್ ಮಾಡಿ. ಡಿಸ್ಕಿನ ಜಾತಕ ಅನ್ನಿ. ಪ್ರತಿ ತಪಾಸಣೆಯ ನಂತರ ನಾಲ್ಕು ಅಂಕಿ ಬರೆಯಿರಿ. ಸ್ಮಾರ್ಟ್ ಪಟ್ಟಿಯ 5ನೇ ಸಾಲು: ಕೆಟ್ಟು, ಬೇರೆ ಜಾಗಕ್ಕೆ ಬದಲಾದ ಸೆಕ್ಟರ್‌ಗಳು. 197: ಓದಲು ಬಾರದೆ ತೀರ್ಪಿಗೆ ಕಾದಿರುವವು. 198: ಡಿಸ್ಕ್ ತನ್ನ ಪರೀಕ್ಷೆಯಲ್ಲಿ ಓದಲಾಗದವು. 199: ಕೇಬಲ್ ದಾರಿಯಲ್ಲಿ ಆದ ತಪ್ಪು. 199 ಮಾತ್ರ ಏರುತ್ತಿದ್ದರೆ ಡಿಸ್ಕ್ ಬದಲಿಸಬೇಡಿ, ಕೇಬಲ್ ಬದಲಿಸಿ. ತಪಾಸಣೆಯ ನಂತರ 197 ಸೊನ್ನೆಗೆ ಇಳಿದರೆ ಒಳ್ಳೆಯದೇ, ಮತ್ತೆ ಬರೆದು ಸರಿಯಾಯಿತು ಅಂತ ಅರ್ಥ. 5 ಹೋದ ತಿಂಗಳು 2, ಈ ತಿಂಗಳು 9 ಅಂತ ಏರುತ್ತಿದ್ದರೆ ಹೊಸ ಡಿಸ್ಕಿಗೆ ಹೇಳಿ. ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅನುಭವವನ್ನು 2007ರಲ್ಲಿ ಹೊರಗಿಟ್ಟಿತು. ಮೊದಲ ಸಲ ಸ್ಕ್ಯಾನ್‌ನಲ್ಲಿ ತಪ್ಪು ಕಂಡ ಡಿಸ್ಕ್, ಅಂಥ ತಪ್ಪಿಲ್ಲದ ಡಿಸ್ಕಿಗಿಂತ 39 ಪಟ್ಟು ಜಾಸ್ತಿ, ಮುಂದಿನ 60 ದಿನದೊಳಗೆ ಸಾಯುವ ಸಂಭವ ಅಂತ ಅದರಲ್ಲಿತ್ತು. ಅಂಗಡಿಯವರು "ಇನ್ನೊಂದು ವರ್ಷ ತಡಿಯಾಕ ಬರಂಗಿಲ್ಲೇನ್ರಿ?" ಅಂದಾಗ ನಾನು ಈ ಅಂಕಿ ಹೇಳುತ್ತೇನೆ.

ಎಂಡಿ ರೇಡ್‌ನಲ್ಲಿ ಮಿಸ್‌ಮ್ಯಾಚ್ ಕೌಂಟ್ ಅನ್ನುವ ಅಂಕಿಯೂ ಸಿಗುತ್ತದೆ. ಲೆಕ್ಕ ತಾಳೆಯಾಗದ ಜಾಗಗಳು ಅವು. ಸೊನ್ನೆ ಇರಬೇಕು. ಒಂದೇ ಮಾಹಿತಿಯ ಎರಡು ಪ್ರತಿ ಇಡುವ ರೇಡ್ 1 ಅಥವಾ 10ರ ಮೇಲೆ ಸ್ವಾಪ್ (ರ್‍ಯಾಮ್ ಸಾಲದಾಗ ಬಳಸುವ ಜಾಗ) ಇಟ್ಟಿದ್ದರೆ ಕೆಲವು ಸಲ ಸೊನ್ನೆ ಇರದಿದ್ದರೂ ಹಾನಿಯಿಲ್ಲ. ರೇಡ್ 5, 6ರಲ್ಲಿ ಸೊನ್ನೆ ಬಿಟ್ಟು ಬೇರೆ ಬಂದರೆ ತಲೆ ಕೆಡಿಸಿಕೊಳ್ಳಿ. ಆದರೆ ಕೂಡಲೇ ರಿಪೇರಿ ಒತ್ತಬೇಡಿ. ಯಾವ ಡಿಸ್ಕ್ ಹೇಳುವುದು ನಿಜ ಅನ್ನುವುದು ಎಂಡಿಗೆ ಗೊತ್ತಿಲ್ಲ. ಅದು ಡೇಟಾ ಸರಿ ಅಂದುಕೊಂಡು ಪ್ಯಾರಿಟಿಯನ್ನು, ಅಂದರೆ ಡೇಟಾ ಮತ್ತೆ ಕಟ್ಟಲು ಇಟ್ಟ ಲೆಕ್ಕವನ್ನು, ತಿದ್ದಿ ಬರೆಯುತ್ತದೆ. ಕೆಟ್ಟದ್ದು ಡೇಟಾವೇ ಆಗಿದ್ದರೆ ಇದ್ದ ಒಂದು ಸಾಕ್ಷಿಯೂ ಅಳಿಯಿತು. ಮೊದಲು ಬ್ಯಾಕಪ್ಪಿನೊಂದಿಗೆ ಹೋಲಿಸಿ, ರ್‍ಯಾಮ್ ಪರೀಕ್ಷೆ ಮಾಡಿ, ಕೇಬಲ್ ನೋಡಿ.

ಎಷ್ಟು ಹೊತ್ತು ಓಡಿತು ಅನ್ನುವುದನ್ನೂ ಬರೆಯಿರಿ. ಪ್ರತಿ ತಿಂಗಳು 8 ಗಂಟೆ ಹಿಡಿಯುವುದು ಈ ಸಲ 13 ಗಂಟೆ ಹಿಡಿದರೆ ಯಾವುದೋ ಡಿಸ್ಕ್ ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಒದ್ದಾಡುತ್ತಿದೆ.

ಕೊನೆಗೆ ಒಂದು ಚೀಟಿ

ಪೆಟ್ಟಿಗೆಯ ಮೇಲೆ ಒಂದು ಚೀಟಿ ಅಂಟಿಸಿ. ಸ್ಟುಡಿಯೊದಲ್ಲಿ ನಾನು ಬರೆದದ್ದು ಹೀಗೆ: "ತಿಂಗಳ ಎರಡನೇ ಮಂಗಳವಾರ ರಾತ್ರಿ 11ರಿಂದ ಬುಧವಾರ ಬೆಳಗ್ಗೆ 7ರ ತನಕ ಸಪ್ಪಳ ಬರುತ್ತದೆ. ವಾಯರ್ ಕೀಳಬಾರದು." ಕೆಳಗೆ ಡಿಸ್ಕ್‌ಗಳ ಸೀರಿಯಲ್ ನಂಬರ್, ಯಾವುದು ಪೆಟ್ಟಿಗೆಯ ಯಾವ ಮನೆಯಲ್ಲಿದೆ (ಖಾನೆಯಲ್ಲಿದೆ) ಅಂತ. ಡಿಸ್ಕ್ ಸತ್ತ ದಿನ ಗಡಿಬಿಡಿಯಲ್ಲಿ ಸತ್ತದ್ದನ್ನು ಬಿಟ್ಟು ಬದುಕಿದ್ದನ್ನು ಕಿತ್ತವರಿದ್ದಾರೆ.

ಕಾಕಾ ಆ ಚೀಟಿಯನ್ನು ನನಗಿಂತ ಚೆನ್ನಾಗಿ ಓದಿಕೊಂಡರು. ನಾಲ್ಕೈದು ತಿಂಗಳಾದ ಮೇಲೆ ಒಂದು ಬುಧವಾರ ನಸುಕಿನಲ್ಲಿ ಫೋನ್.

"ಸರ, ಏಳರ ತನಕ ಸಪ್ಪಳ ಬರತೈತಿ ಅಂತ ಬರದೀರಿ. ಈಗಿನ್ನೂ ಮೂರೂವರಿ, ನಿಂತು ಬಿಡ್ತರೀ."

ಮನೆಯಿಂದಲೇ ತೆರೆದು ನೋಡಿದೆ. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಮೂರನೇ ಮನೆಯ ಡಿಸ್ಕ್ ಹೊರಬಿದ್ದಿತ್ತು, ಅಲ್ಲಿಗೆ ತಪಾಸಣೆಯೂ ನಿಂತಿತ್ತು. ಮೇಲ್ ಕೂಡ ಬಂದಿತ್ತು, ಇಬ್ಬರೂ ಮಲಗಿದ್ದೆವು. ಬೆಳಗ್ಗೆ ಬ್ಯಾಕಪ್ ನೋಡಿಕೊಂಡು ಹೊಸ ಡಿಸ್ಕ್ ಹಾಕಿದೆ. ಸಂಜೆ ಐದಕ್ಕೆ ನೂರಕ್ಕೆ ನೂರು ತೋರಿಸಿತು. ಚೀಟಿಯಲ್ಲಿ ಮೂರನೇ ಮನೆಯ ನಂಬರ್ ಹೊಡೆದು ಹೊಸದು ಬರೆದೆ. ಪಕ್ಕದಲ್ಲಿ ನಿಂತಿದ್ದ ಕಾಕಾ, ಅಕ್ಷರ ಇನ್ನೊಂಚೂರು ದೊಡ್ಡದು ಬರೆಯಲು ಹೇಳಿದರು.